ವಾಕರ್ ಅಂದರೆ ನಡೆಯುವವನಲ್ಲ: ಒಂದು ಇಂಗ್ಲಿಷ್ ಅಡ್ಡಹೆಸರಿನ ಪ್ರಕರಣ

ಈ ಪ್ರಶ್ನೆ ಶುರುವಾಗಿದ್ದು ಒಂದು ಮದುವೆ ಕರೆಯೋಲೆಯಿಂದ. ನಮ್ಮ ಸಂಬಂಧಿಕರ ಹುಡುಗಿಯೊಬ್ಬಳು ಇಂಗ್ಲೆಂಡಿನಲ್ಲಿ ಕೆಲಸದಲ್ಲಿದ್ದಾಳೆ. ಅಲ್ಲೇ ಪರಿಚಯವಾದ ಹುಡುಗನ ಜೊತೆ ಮದುವೆ ನಿಶ್ಚಯವಾಯಿತು. ಹುಡುಗ ಯಾರ್ಕ್‌ಶೈರ್‌ನ ಹಡರ್ಸ್‌ಫೀಲ್ಡ್ ಕಡೆಯವನು. ಅಡ್ಡಹೆಸರು ವಾಕರ್. ಕನ್ನಡದ ಕರೆಯೋಲೆ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂತು. ಕರಡು ಓದಿ ಹೇಳುವಾಗ ಧಾರವಾಡದ ಅಜ್ಜ ಅಲ್ಲೇ ತಡೆದರು. 'ವಾಕರ್ ಅಂದ್ರ ಏನು? ನಡಿಯಾಂವ? ಅದೆಂಥಾ ಮನೆತನ?'

ಅಜ್ಜ ನಿಜವಾಗಿಯೂ ತಿಳಿದುಕೊಳ್ಳಬೇಕು ಅಂತಲೇ ಕೇಳಿದ್ದು. ಉತ್ತರ ಕರ್ನಾಟಕದಲ್ಲಿ ಅಡ್ಡಹೆಸರಿಗೆ ಒಂದು ಅರ್ಥ ಇದ್ದೇ ಇರುತ್ತದೆ. ಬಡಿಗೇರ ಅಂದರೆ ಮರಗೆಲಸದ ಮನೆ. ಪತ್ತಾರ ಅಂದರೆ ಬಂಗಾರದ ಕೆಲಸ. ಹೂಗಾರ, ಬಳಿಗಾರ, ಕಂಬಾರ, ಉಳ್ಳಾಗಡ್ಡಿ, ಮೆಣಸಿನಕಾಯಿ. ಹೆಸರು ಕೇಳಿದ ಕೂಡಲೇ ಆ ಮನೆಯ ಹಿಂದೆ ಒಂದು ಕಸುಬೋ ಊರೋ ವ್ಯಾಪಾರವೋ ಕಾಣುತ್ತದೆ. ಹಾಗಿರುವಾಗ 'ನಡೆಯುವವನು' ಅನ್ನುವುದು ಅಜ್ಜನಿಗೆ ಅರ್ಧ ಹೆಸರಿನ ಹಾಗೆ ಕೇಳಿಸಿತು. ನಡೆಯುವುದು ಎಲ್ಲರೂ ಮಾಡುವ ಕೆಲಸ. ಅದರಿಂದ ಒಂದು ಮನೆಯನ್ನು ಇನ್ನೊಂದರಿಂದ ಬೇರೆ ಮಾಡಿ ಗುರುತಿಸುವುದು ಹೇಗೆ?

ಆ ಮಾತು ನನ್ನ ತಲೆಯಲ್ಲಿ ಉಳಿಯಿತು. ಯಾಕೆಂದರೆ ಅಜ್ಜ ಹೇಳಿದ್ದು ಸರಿ. ಹೆಸರು ಹುಟ್ಟುವುದೇ ಗುರುತು ಹಿಡಿಯಲಿಕ್ಕೆ. ಒಂದೇ ಹಳ್ಳಿಯಲ್ಲಿ ಐದು ಜನ ಜಾನ್ ಇದ್ದಾಗ, ಯಾವ ಜಾನ್ ಅಂತ ಹೇಳಲಿಕ್ಕೆ ಬಂದಿದ್ದು ಅಡ್ಡಹೆಸರು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಮೊದಲು ಜಮೀನ್ದಾರರ ಮನೆಗಳಲ್ಲಿ ಈ ರೂಢಿ ಬಂತು. ಆಮೇಲೆ ನಿಧಾನಕ್ಕೆ ಕೆಳಗಿಳಿಯಿತು. ಸುಮಾರು 1400ರ ಹೊತ್ತಿಗೆ ಇಂಗ್ಲೆಂಡಿನ ಹೆಚ್ಚಿನ ಸಾಮಾನ್ಯ ಜನರಿಗೂ ಅಪ್ಪನಿಂದ ಮಗನಿಗೆ ದಾಟುವ ಒಂದು ಅಡ್ಡಹೆಸರು ಇತ್ತು. ಇವತ್ತು ಅಲ್ಲಿನ ಅತಿ ಸಾಮಾನ್ಯ ಹೆಸರುಗಳ ಸಾಲಿನಲ್ಲಿ ವಾಕರ್ ಮೊದಲ ಇಪ್ಪತ್ತರೊಳಗೆ ಬರುತ್ತದೆ. ಇಷ್ಟು ದೊಡ್ಡ ಸಂಖ್ಯೆಯ ಮನೆಗಳಿಗೆ 'ನಡೆಯುವವನು' ಅಂತ ಸುಮ್ನೆ ಹೆಸರಿಟ್ಟಿರಲಿಕ್ಕಿಲ್ಲ, ಅಲ್ವಾ?

ಆದರೂ ಜಗತ್ತು ಹಾಗೇ ಅಂದುಕೊಂಡಿದೆ. ಜಾನಿ ವಾಕರ್ ವಿಸ್ಕಿ ಬಾಟಲಿಯ ಮೇಲೆ ಟೋಪಿ ಹಾಕಿ, ಕೋಲು ಹಿಡಿದು, ದಾಪುಗಾಲಿಡುವ ಗಂಡಸಿನ ಚಿತ್ರವನ್ನು ಎಲ್ಲರೂ ನೋಡಿದ್ದಾರೆ. ಆ ಹೆಸರಿನ ಮೂಲ ಪುರುಷ ಜಾನ್ ವಾಕರ್ ಹುಟ್ಟಿದ್ದು 1805ರಲ್ಲಿ. 1820ರಲ್ಲಿ ಸ್ಕಾಟ್ಲೆಂಡಿನ ಕಿಲ್ಮಾರ್ನಕ್ ಊರಲ್ಲಿ ಕಿರಾಣಿ ಅಂಗಡಿ ತೆರೆದವರು. ನಡೆಯುವ ಮನುಷ್ಯನ ಚಿತ್ರ ಬಂದಿದ್ದು 1908ರಲ್ಲಿ, ಚಿತ್ರಕಾರ ಟಾಮ್ ಬ್ರೌನ್ ಬಿಡಿಸಿದ್ದು. ಹೆಸರಿನ ಶಬ್ದದ ಮೇಲೆ ಕಟ್ಟಿದ ಒಳ್ಳೆಯ ಚಿತ್ರ ಅದು. ಆದರೆ ಹೆಸರಿನ ನಿಜವಾದ ಚಿತ್ರ ಬೇರೆ ಇದೆ. ಅದರಲ್ಲೂ ಕಾಲುಗಳಿವೆ. ಆ ಕಾಲುಗಳು ಮಾತ್ರ ಎಲ್ಲಿಗೂ ಹೋಗುವುದಿಲ್ಲ. ಒಂದು ತೊಟ್ಟಿಯೊಳಗೆ ನಿಂತಲ್ಲೇ ತುಳಿಯುತ್ತಿವೆ.

ಹಳೆಯ ಇಂಗ್ಲಿಷಿನಲ್ಲಿ 'ವೆಯಾಲ್ಕನ್' ಅಂತ ಒಂದು ಕ್ರಿಯಾಪದ ಇತ್ತು. ಅದರ ಅರ್ಥ ಉರುಳಿಸು, ಹೊರಳಾಡಿಸು. ಹಳೆಯ ಕವಿತೆಗಳಲ್ಲಿ ಸಮುದ್ರದ ಅಲೆಗಳ ಹೊರಳಾಟಕ್ಕೂ ಇದೇ ಮೂಲದ ಪದ ಬರುತ್ತದೆ. ಹೊಸದಾಗಿ ನೇಯ್ದ ಉಣ್ಣೆ ಬಟ್ಟೆಯನ್ನು ನೀರಿನಲ್ಲಿ ಹಾಕಿ, ತುಳಿದು, ಹೊರಳಿಸಿ, ಹದ ಮಾಡುವವನಿಗೆ 'ವೆಯಾಲ್ಕೆರೆ' ಅನ್ನುತ್ತಿದ್ದರು. ಅವನೇ ಮುಂದೆ ವಾಕರ್ ಆದ. ಅದೇ ಕ್ರಿಯಾಪದ ಇನ್ನೊಂದು ದಾರಿಯಲ್ಲಿ ಹೋಗಿ, ಉರುಳು ಅನ್ನುವುದರಿಂದ ಓಡಾಡು ಅಂತಾಗಿ, ಮಧ್ಯಕಾಲದಲ್ಲಿ 'ಕಾಲ್ನಡಿಗೆಯಲ್ಲಿ ಹೋಗು' ಅಂತ ನಿಂತಿತು. ಅಂದರೆ ವಾಕ್ ಮಾಡುವುದಕ್ಕೂ ವಾಕರ್ ಹೆಸರಿಗೂ ತಾಯಿ ಒಬ್ಬಳೇ. ಮಕ್ಕಳು ಬೇರೆ ಬೇರೆ ಮನೆ ಮಾಡಿದರು, ಅಷ್ಟೇ.

ಈ ಕೆಲಸ ಯಾಕೆ ಬೇಕಿತ್ತು? ಇದನ್ನು ಅರ್ಥ ಮಾಡಿಕೊಳ್ಳಲಿಕ್ಕೆ ನನಗೆ ನೆರವಾಗಿದ್ದು ನಮ್ಮ ಮನೆಯ ವಾಷಿಂಗ್ ಮಷೀನ್. ಒಮ್ಮೆ ಅಪ್ಪಟ ಉಣ್ಣೆಯ ಸ್ವೆಟರ್ ಒಂದು ಉಳಿದ ಬಟ್ಟೆಗಳ ಜೊತೆ ಬಿಸಿನೀರಿನಲ್ಲಿ ಸೇರಿಕೊಂಡಿತು. ಹೊರಗೆ ತೆಗೆದಾಗ ಅದು ಐದು ವರ್ಷದ ಮಗುವಿಗೆ ಆಗುವಷ್ಟು ಚಿಕ್ಕದಾಗಿತ್ತು. ಮುಟ್ಟಿದರೆ ದಪ್ಪ, ಗಟ್ಟಿ. ಹೆಣಿಗೆಯ ಕಣ್ಣುಗಳೇ ಕಾಣುತ್ತಿರಲಿಲ್ಲ. ಬೆಳಕಿಗೆ ಹಿಡಿದರೆ ಒಂದು ಚೂರೂ ತೂರಿ ಬರುತ್ತಿರಲಿಲ್ಲ. ಆವತ್ತು ಸ್ವೆಟರ್ ಹಾಳಾಯಿತು ಅಂತ ಬೇಜಾರಾಗಿತ್ತು. ಈಗ ನೋಡಿದರೆ ವಾಕರ್ ಜನ ಬೇಕೆಂದೇ ಮಾಡುತ್ತಿದ್ದ ಕೆಲಸ ಅದೇ.

ಉಣ್ಣೆಯ ಎಳೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಪೊರೆಗಳಿರುತ್ತವೆ, ಮೀನಿನ ಮೈಯ ಮೇಲಿದ್ದ ಹಾಗೆ. ಒದ್ದೆ ಮಾಡಿ, ಬೆಚ್ಚಗೆ ಇಟ್ಟು, ಒತ್ತಿ ಒತ್ತಿ ತಿಕ್ಕಿದರೆ ಆ ಪೊರೆಗಳು ಒಂದಕ್ಕೊಂದು ಸಿಕ್ಕಿಕೊಂಡು ಬಿಡಿಸಲಾಗದ ಹಾಗೆ ಕೂರುತ್ತವೆ. ಬಟ್ಟೆ ಕುಗ್ಗುತ್ತದೆ, ದಪ್ಪಗಾಗುತ್ತದೆ. ಆಮೇಲೆ ಗಾಳಿ ನುಗ್ಗುವುದಿಲ್ಲ, ಮಳೆ ಬೇಗ ಇಳಿಯುವುದಿಲ್ಲ. ಮಗ್ಗದಿಂದ ಬಂದ ಉಣ್ಣೆ ಬಟ್ಟೆ ಹಾಗಿರುವುದಿಲ್ಲ. ಅದು ಸಡಿಲ. ಜೊತೆಗೆ ಜಿಡ್ಡು. ನೂಲುವ ಮೊದಲು ಉಣ್ಣೆಗೆ ಬೆಣ್ಣೆಯನ್ನೋ ಕೊಬ್ಬನ್ನೋ ಎಣ್ಣೆಯನ್ನೋ ಹಚ್ಚಿರುತ್ತಿದ್ದರು. ಆ ಜಿಡ್ಡು ಹೋಗಬೇಕು, ಬಟ್ಟೆ ಬಿಗಿಯಾಗಬೇಕು. ಎರಡೂ ಆಗುತ್ತಿದ್ದುದು ತೊಟ್ಟಿಯಲ್ಲಿ.

ಜಿಡ್ಡು ತೆಗೆಯಲಿಕ್ಕೆ ಬಳಸುತ್ತಿದ್ದುದು ಹಳಸಿದ ಮನುಷ್ಯ ಮೂತ್ರ. ಇದನ್ನು ಮುಚ್ಚಿಟ್ಟು ಈ ಹೆಸರಿನ ಕಥೆ ಹೇಳಲು ಬರುವುದಿಲ್ಲ. ಮೂತ್ರ ಹಳತಾದರೆ ಅದರಲ್ಲಿ ಅಮೋನಿಯಾ ಹುಟ್ಟುತ್ತದೆ. ಅದು ಜಿಡ್ಡಿನ ಜೊತೆ ಸೇರಿ ಸಾಬೂನಿನ ಕೆಲಸ ಮಾಡುತ್ತದೆ. ಉತ್ತರ ಇಂಗ್ಲೆಂಡಿನಲ್ಲಿ ಅದಕ್ಕೆ 'ಲ್ಯಾಂಟ್' ಅಂತಲೇ ಒಂದು ಹೆಸರಿತ್ತು. ಮನೆ ಮನೆಯಿಂದ ಅದನ್ನು ಸಂಗ್ರಹಿಸುವ ಪದ್ಧತಿ 19ನೇ ಶತಮಾನದವರೆಗೂ ಇತ್ತು. ರೋಮನ್ನರ ಕಾಲದಲ್ಲೂ ಇದೇ ವಿಧಾನ. ಪಾಂಪೇಯಿ ಊರಿನ ಗೋಡೆ ಚಿತ್ರಗಳಲ್ಲಿ ಈ ಕೆಲಸದವರು ತೊಟ್ಟಿಯೊಳಗೆ ನಿಂತು ಬಟ್ಟೆ ತುಳಿಯುತ್ತಿರುವುದು ಇವತ್ತಿಗೂ ಕಾಣುತ್ತದೆ. ವೆಸ್ಪೇಸಿಯನ್ ಚಕ್ರವರ್ತಿ ಆ ಮೂತ್ರದ ಮೇಲೆ ತೆರಿಗೆಯನ್ನೂ ಹಾಕಿದ್ದ. ಚಳಿದೇಶದಲ್ಲಿ, ಮೊಣಕಾಲವರೆಗೆ ಆ ನೀರಿನಲ್ಲಿ ನಿಂತು, ಗಂಟೆಗಟ್ಟಲೆ ತುಳಿಯುವುದು. ವಾಸನೆ ಮೈಗೆ, ಬಟ್ಟೆಗೆ, ಮನೆಗೆ ಅಂಟಿಕೊಂಡಿರಲೇಬೇಕು. ಇಂಗ್ಲೆಂಡಿನ ಉಣ್ಣೆ ಬಟ್ಟೆಗೆ ಯುರೋಪಿನಲ್ಲೆಲ್ಲ ಹೆಸರು ಬಂತು. ಆ ಹೆಸರಿನ ಕೆಳಗೆ ಈ ಕಾಲುಗಳಿದ್ದವು. ಅಜ್ಜನಿಗೆ ಇದನ್ನು ಹೇಳಿದಾಗ ಅವರು ಮೂಗು ಮುರಿಯಲಿಲ್ಲ. 'ಕಷ್ಟದ ಮಂದಿ' ಅಂದರು.

ಇಲ್ಲಿಂದ ಪ್ರಕರಣ ಇನ್ನಷ್ಟು ಕುತೂಹಲದ್ದಾಯಿತು. ಯಾಕೆಂದರೆ ಇದೇ ಕೆಲಸಕ್ಕೆ ಇಂಗ್ಲಿಷಿನಲ್ಲಿ ಇನ್ನೂ ಎರಡು ಅಡ್ಡಹೆಸರುಗಳಿವೆ. ಒಂದು ಫುಲ್ಲರ್. ಇನ್ನೊಂದು ಟಕರ್.

ಫುಲ್ಲರ್ ನಮಗೆ ಪರಿಚಯದ ಪದ. ಮುಖಕ್ಕೆ ಹಚ್ಚುವ ಮುಲ್ತಾನಿ ಮಿಟ್ಟಿಯ ಪೊಟ್ಟಣ ತೆಗೆದು ನೋಡಿ. ಎಷ್ಟೋ ಪೊಟ್ಟಣಗಳ ಮೇಲೆ ಇಂಗ್ಲಿಷಿನಲ್ಲಿ 'ಫುಲ್ಲರ್ಸ್ ಅರ್ತ್' ಅಂತ ಅಚ್ಚಾಗಿರುತ್ತದೆ. ಫುಲ್ಲರ್‌ನ ಮಣ್ಣು ಅಂತ ಅರ್ಥ. ಯಾವ ಫುಲ್ಲರ್? ಬಟ್ಟೆ ತುಳಿಯುವವನೇ. ಮೂತ್ರದ ಜೊತೆ, ಅಥವಾ ಅದರ ಬದಲು, ಅವನು ಬಳಸುತ್ತಿದ್ದುದು ಜಿಡ್ಡು ಹೀರುವ ಇಂಥ ಜೇಡಿಮಣ್ಣನ್ನು. ನಮ್ಮ ಮುಖದ ಎಣ್ಣೆಯಂಶವನ್ನು ಹೀರುವ ಗುಣವೇ ಅಲ್ಲಿ ಉಣ್ಣೆಯ ಕೊಬ್ಬನ್ನು ಹೀರುತ್ತಿತ್ತು. ಇಂಗ್ಲೆಂಡಿನಲ್ಲಿ ಇದು ಸರ್ರಿಯ ನಟ್‌ಫೀಲ್ಡ್‌ನಂಥ ಕಡೆ ಸಿಗುತ್ತಿತ್ತು. ಉಣ್ಣೆ ವ್ಯಾಪಾರಕ್ಕೆ ಇದು ಎಷ್ಟು ಮುಖ್ಯವಾಗಿತ್ತೆಂದರೆ, 17ನೇ ಶತಮಾನದಲ್ಲಿ ಈ ಮಣ್ಣನ್ನು ಹೊರದೇಶಕ್ಕೆ ಕಳಿಸುವುದನ್ನೇ ಕಾನೂನು ತಡೆದಿತ್ತು. ಫುಲ್ಲರ್ ಪದ ಬಂದಿದ್ದು ಲ್ಯಾಟಿನ್ನಿನ 'ಫುಲ್ಲೋ'ದಿಂದ. ಪಾಂಪೇಯಿಯ ಆ ಕೆಲಸಗಾರನ ಹೆಸರೂ ಅದೇ.

ಟಕರ್‌ನ ಮೂಲ ಹಳೆಯ ಇಂಗ್ಲಿಷಿನ 'ಟೂಕಿಯನ್'. ಅದರ ಅರ್ಥ ಹಿಂಸಿಸು, ಗೋಳಾಡಿಸು. ಬಟ್ಟೆಯನ್ನು ಎಳೆದಾಡಿ, ಕುಟ್ಟಿ, ಹಿಂಡಿ ಮಾಡುವ ಕೆಲಸಕ್ಕೆ ಆ ಪದ ಅಂಟಿಕೊಂಡಿತು.

ಒಂದೇ ಕೆಲಸಕ್ಕೆ ಮೂರು ಹೆಸರು ಯಾಕೆ? ಉತ್ತರ ಊರುಗಳಲ್ಲಿದೆ. ಇಂಗ್ಲೆಂಡಿನ ಭೂಪಟ ಮುಂದಿಟ್ಟುಕೊಳ್ಳಿ. ಉತ್ತರದಲ್ಲಿ, ಯಾರ್ಕ್‌ಶೈರ್, ಲ್ಯಾಂಕಶೈರ್, ಪಶ್ಚಿಮ ಮಿಡ್‌ಲ್ಯಾಂಡ್ಸ್ ಕಡೆ, ಸ್ಕಾಟ್ಲೆಂಡಿನ ತಗ್ಗು ಪ್ರದೇಶದಲ್ಲಿ, ಈ ಕೆಲಸದವನು ವಾಕರ್. ಆಗ್ನೇಯದಲ್ಲಿ, ಕೆಂಟ್, ಸಸೆಕ್ಸ್, ನಾರ್ಫಕ್, ಸಫಕ್ ಕಡೆ ಅವನು ಫುಲ್ಲರ್. ನೈಋತ್ಯದ ಡೆವನ್, ಸಾಮರ್‌ಸೆಟ್, ಕಾರ್ನ್‌ವಾಲ್‌ಗೆ ಬಂದರೆ ಟಕರ್. 1620ರಲ್ಲಿ ಮೇಫ್ಲವರ್ ಹಡಗಿನಲ್ಲಿ ಅಮೆರಿಕಕ್ಕೆ ಹೋದವರಲ್ಲಿ ಸ್ಯಾಮ್ಯುಯೆಲ್ ಮತ್ತು ಎಡ್ವರ್ಡ್ ಫುಲ್ಲರ್ ಅಂತ ಅಣ್ಣತಮ್ಮಂದಿರಿದ್ದರು. ಅವರ ಊರು ನಾರ್ಫಕ್‌ನ ರೆಡೆನ್‌ಹಾಲ್. ಸರಿಯಾಗಿ ಫುಲ್ಲರ್ ಸೀಮೆ. ಇನ್ನು ಡೆವನ್‌ನ ಎಕ್ಸಿಟರ್ ನಗರದಲ್ಲಿ ನೇಕಾರರು, ಬಟ್ಟೆ ತುಳಿಯುವವರು, ಬಟ್ಟೆಯ ಜುಂಗು ಕತ್ತರಿಸುವವರು ಸೇರಿ ಕಟ್ಟಿಕೊಂಡ ಸಂಘದ ಕಟ್ಟಡವಿದೆ. 1471ರ ಕಾಲದ್ದು. ಅದನ್ನು ಇವತ್ತಿಗೂ ಟಕರ್ಸ್ ಹಾಲ್ ಅನ್ನುತ್ತಾರೆ. ಅದೇ ಕಟ್ಟಡ ಉತ್ತರದ ಲೀಡ್ಸ್ ಕಡೆ ಇದ್ದಿದ್ದರೆ ಬೇರೆ ಹೆಸರಿರುತ್ತಿತ್ತು.

ನನಗೆ ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ್ದು ಇದೇ. ಈ ಹೆಸರುಗಳು ಗಟ್ಟಿಯಾದ ಕಾಲದಲ್ಲಿ ಹಳ್ಳಿಯ ಜನ ಹೇಗೆ ಮಾತಾಡುತ್ತಿದ್ದರು ಅಂತ ಯಾರೂ ಧ್ವನಿ ಹಿಡಿದಿಟ್ಟಿಲ್ಲ. ಆದರೆ ಅಡ್ಡಹೆಸರುಗಳು ಹಿಡಿದಿಟ್ಟಿವೆ. ನಾವು ಒಂದೇ ಪದಾರ್ಥಕ್ಕೆ ಧಾರವಾಡದಲ್ಲಿ ಉಳ್ಳಾಗಡ್ಡಿ, ಮೈಸೂರಲ್ಲಿ ಈರುಳ್ಳಿ, ಮಂಗಳೂರು ಕಡೆ ನೀರುಳ್ಳಿ ಅನ್ನುವ ಹಾಗೆಯೇ ಅವರ ಸೀಮೆ ಸೀಮೆಯ ನುಡಿ. ನೇಕಾರನಿಗೂ ಅಷ್ಟೇ. ಡೆವನ್‌ನಲ್ಲಿ ವೆಬರ್, ಉತ್ತರದಲ್ಲಿ ವೆಬ್‌ಸ್ಟರ್. ನಿಘಂಟಿನ ಹೆಸರಾಗಿ ನಾವೆಲ್ಲ ಬಲ್ಲ ವೆಬ್‌ಸ್ಟರ್ ಅಂದರೆ ನೇಯುವವರು. ಬಣ್ಣ ಹಾಕುವವನು ಕೆಲವು ಕಡೆ ಡೈಯರ್, ಯಾರ್ಕ್‌ಶೈರ್ ಕಡೆ ಲಿಸ್ಟರ್. ಒಂದು ಉಣ್ಣೆ ಬಟ್ಟೆ ಕುರಿಯಿಂದ ಅಂಗಿಯವರೆಗೆ ಬರುವಷ್ಟರಲ್ಲಿ ಹತ್ತಾರು ಮನೆತನಗಳಿಗೆ ಹೆಸರು ಕೊಟ್ಟಿದೆ.

14ನೇ ಶತಮಾನದ ಕವಿ ವಿಲಿಯಂ ಲ್ಯಾಂಗ್‌ಲ್ಯಾಂಡ್ ಈ ಕೆಲಸಗಳ ಸಾಲನ್ನು ನಾಲ್ಕು ಗೆರೆಗಳಲ್ಲಿ ಹೇಳುತ್ತಾರೆ. ಮಗ್ಗದಿಂದ ಬಂದ ಬಟ್ಟೆ ತೊಡಲು ಚೆನ್ನಾಗಿರುವುದಿಲ್ಲ, ಅದನ್ನು ಕಾಲಡಿಯಲ್ಲೋ ಕುಟ್ಟುವ ಯಂತ್ರದಲ್ಲೋ ಹದ ಮಾಡಬೇಕು, ನೀರಲ್ಲಿ ತೊಳೆಯಬೇಕು, ಮುಳ್ಳುಕಾಯಿಯಿಂದ ಕೆರೆಯಬೇಕು, ಚೌಕಟ್ಟಿಗೆ ಬಿಗಿದು ಹಿಗ್ಗಿಸಬೇಕು, ಆಮೇಲೆ ದರ್ಜಿಯ ಕೈಗೆ ಹೋಗಬೇಕು. ಅವರ ಆ ಸಾಲುಗಳಲ್ಲಿ ಫುಲ್ಲರ್, ಟಕರ್ ಎರಡೂ ಹೆಸರುಗಳ ಕ್ರಿಯಾಪದಗಳಿವೆ. ಕೊನೆಯಲ್ಲಿ ನಿಂತ ಟೇಲರ್ ಕೂಡ ಇದ್ದಾನೆ.

ಆ ಸಾಲಿನಲ್ಲಿ 'ಕುಟ್ಟುವ ಯಂತ್ರ' ಅಂತ ಬಂತಲ್ಲ, ಅಲ್ಲೊಂದು ತೊಡಕಿದೆ. ವಾಕರ್ ಹೆಸರು ಜನರಿಗೆ ಅಂಟಿಕೊಳ್ಳುವ ಹೊತ್ತಿಗೆ ಕಾಲಿನ ಕೆಲಸ ಕಡಿಮೆಯಾಗುತ್ತಿತ್ತು. ನೀರಿನ ಚಕ್ರದಿಂದ ಮರದ ದೊಡ್ಡ ಸುತ್ತಿಗೆಗಳನ್ನು ಎತ್ತಿ ಬಟ್ಟೆಯ ಮೇಲೆ ಬೀಳಿಸುವ ಗಿರಣಿಗಳು 12ನೇ ಶತಮಾನದಲ್ಲೇ ಬಂದಿದ್ದವು. 1185ರಲ್ಲಿ ಟೆಂಪ್ಲರ್ ಅನ್ನುವ ಕ್ರೈಸ್ತ ಧರ್ಮಯೋಧರ ಪಂಗಡದ ಆಸ್ತಿಯನ್ನು ಪಟ್ಟಿ ಮಾಡಿದಾಗ ಅಂಥ ಗಿರಣಿಗಳು ಲೆಕ್ಕಕ್ಕೆ ಸಿಕ್ಕಿವೆ. ಒಂದು ಲೀಡ್ಸ್ ಹತ್ತಿರದ ಟೆಂಪಲ್ ನ್ಯೂಸಮ್‌ನಲ್ಲಿ. ಗಿರಣಿ ಬಂದ ಕಡೆ ಜಗಳವೂ ಬಂತು. ಸೇಂಟ್ ಆಲ್ಬನ್ಸ್ ಊರಿನ ಮಠದ ಅಧಿಪತಿ, ಎಲ್ಲರೂ ತಮ್ಮ ಗಿರಣಿಗೇ ಬಟ್ಟೆ ತರಬೇಕು, ಹಣ ಕೊಡಬೇಕು ಅಂತ ಪಟ್ಟು ಹಿಡಿದರು. ಊರಿನವರು ನಮ್ಮ ಬಟ್ಟೆಯನ್ನು ನಮ್ಮ ಮನೆಯಲ್ಲೇ ತುಳಿದುಕೊಳ್ಳುತ್ತೇವೆ ಅಂದರು. 1274ರ ಸುಮಾರಿಗೆ ಅದು ದೊಡ್ಡ ವ್ಯಾಜ್ಯವೇ ಆಯಿತು. ನನ್ನ ಮನಸ್ಸು ಊರಿನವರ ಕಡೆಗೇ ಇದೆ.

ಹಾಗಾದರೆ ಗಿರಣಿ ನಡೆಸಿದವನೂ ವಾಕರ್ ಆದನೇ? ಆದ. ಉತ್ತರದ ಮಾತಿನಲ್ಲಿ ಆ ಗಿರಣಿಗೂ 'ವಾಕ್ ಮಿಲ್' ಅಂತಲೇ ಹೆಸರು. ಕೆಲಸ ಕಾಲಿನಿಂದ ಸುತ್ತಿಗೆಗೆ ಹೋದರೂ ಪದ ಹಾಗೇ ಉಳಿಯಿತು. ಹಾಗಾಗಿ ಒಬ್ಬ ವಾಕರ್‌ನ ಪೂರ್ವಜ ತೊಟ್ಟಿಯಲ್ಲಿ ತುಳಿದವನೋ, ಗಿರಣಿಯ ಸುತ್ತಿಗೆ ನೋಡಿಕೊಂಡವನೋ ಅಂತ ಹೆಸರೊಂದರಿಂದ ಹೇಳಲು ಬರುವುದಿಲ್ಲ. ವೇಲ್ಸ್‌ನಲ್ಲಿ ಇದೇ ಗಿರಣಿಗೆ 'ಪಾಂಡಿ' ಅನ್ನುತ್ತಾರೆ. ಗಣಿ ಕಾರ್ಮಿಕರ ಹೋರಾಟಕ್ಕೆ ಹೆಸರಾದ ಟೋನಿಪಾಂಡಿ ಊರಿನ ಹೆಸರಲ್ಲಿ ಅಡಗಿರುವುದು ಅದೇ. ಸ್ಕಾಟ್ಲೆಂಡಿನ ಹೆಬ್ರಿಡೀಸ್ ದ್ವೀಪಗಳಲ್ಲಂತೂ ಹೆಂಗಸರು ಉದ್ದನೆಯ ಹಲಗೆಯ ಸುತ್ತ ಕೂತು, ಒದ್ದೆ ಬಟ್ಟೆಯನ್ನು ಕೈಯಿಂದ ಬಡಿಯುತ್ತಾ, ತಾಳಕ್ಕೆ ಸರಿಯಾಗಿ ಹಾಡುತ್ತಾ ಈ ಕೆಲಸ ಮಾಡಿದರು. ನಮ್ಮ ಬೀಸುವ ಕಲ್ಲಿನ ಪದ ಕೇಳಿದವರಿಗೆ ಆ ಹಾಡುಗಳ ನಡೆ ತಕ್ಷಣ ಹತ್ತಿರವಾಗುತ್ತದೆ.

ಇನ್ನು ನಮ್ಮ ಹುಡುಗನ ವಿಷಯ. ಅವನ ಹೆಸರು ಈ ಕಸುಬಿನಿಂದಲೇ ಬಂದಿದ್ದು ಅಂತ ಹೇಗೆ ಹೇಳುವುದು?

ಬೇರೆ ದಾರಿಗಳೂ ಇವೆ. ನ್ಯೂಕ್ಯಾಸಲ್ ಹತ್ತಿರ ವಾಕರ್ ಅಂತ ಒಂದು ಊರಿದೆ. ಅದು ಗೋಡೆಯ ಪಕ್ಕದ ಜೌಗು ನೆಲ ಅನ್ನುವ ಪದಗಳಿಂದ ಬಂದದ್ದು. ಆ ಗೋಡೆ ರೋಮನ್ನರ ಹೇಡ್ರಿಯನ್ ಗೋಡೆ. ಆ ಊರಿಂದ ಬಂದ ಕೆಲವರು ಊರ ಹೆಸರನ್ನೇ ಇಟ್ಟುಕೊಂಡಿರಬಹುದು. ಸ್ಕಾಟ್ಲೆಂಡಿನಲ್ಲಿ ಗೇಲಿಕ್ ಭಾಷೆಯ 'ಮ್ಯಾಕ್ ಅನ್ ಉಖ್ಕಡರ್' ಅನ್ನುವ ಹೆಸರನ್ನು ಇಂಗ್ಲಿಷಿಗೆ ತಂದಾಗ ವಾಕರ್ ಅಂತ ಮಾಡಿಕೊಂಡವರಿದ್ದಾರೆ. ಅರ್ಥ ಅದೇ, ಬಟ್ಟೆ ತುಳಿಯುವವನ ಮಗ. ಅಮೆರಿಕದಲ್ಲಿ ಗುಲಾಮಗಿರಿಯ ಕಾಲದಲ್ಲಿ ಎಷ್ಟೋ ಕಪ್ಪು ಜನರಿಗೆ ಮಾಲೀಕರ ಅಡ್ಡಹೆಸರು ಅಂಟಿತು. ಅಲ್ಲಿ ಹೆಸರು ವಂಶವನ್ನು ಹೇಳುವುದಿಲ್ಲ, ಅನ್ಯಾಯವನ್ನು ಹೇಳುತ್ತದೆ. ಹಾಗಾಗಿ ಒಂದು ಹೆಸರಿನ ಅರ್ಥ ಗೊತ್ತಾದ ಮಾತ್ರಕ್ಕೆ ಒಂದು ಮನೆಯ ಕಥೆ ಗೊತ್ತಾಗುವುದಿಲ್ಲ. ಊರು ನೋಡಬೇಕು, ಕಾಗದ ನೋಡಬೇಕು.

ಹುಡುಗನ ಮನೆಯವರು ತಮಗೆ ನೆನಪಿರುವಷ್ಟು ತಲೆಮಾರು ಹಡರ್ಸ್‌ಫೀಲ್ಡ್‌ನ ಆಸುಪಾಸಿನಲ್ಲೇ ಇದ್ದವರು. ಕೋಲ್ನ್ ಮತ್ತು ಹೋಮ್ ನದಿಗಳು ಸೇರುವ ಊರು ಅದು. ಗುಡ್ಡದಿಂದ ಇಳಿಯುವ ನೀರು, ಮೆದು ನೀರು, ಸುತ್ತ ಕುರಿ. ಉಣ್ಣೆ ಬಟ್ಟೆಗೆ ಹೆಸರಾದ ಸೀಮೆ. ವಾಕರ್ ಅನ್ನುವ ಪದ ಕಸುಬಿನ ಪದವಾಗಿ ನಿಜಕ್ಕೂ ಬಳಕೆಯಲ್ಲಿದ್ದ ಜಾಗ. ಹಿಂದಕ್ಕೆ ಹೋಗಬೇಕೆಂದರೆ ದಾರಿ ಇದೆ. ಇಂಗ್ಲೆಂಡಿನಲ್ಲಿ 1837ರಿಂದ ಸರ್ಕಾರಿ ಜನನ ಮರಣ ನೋಂದಣಿ ಇದೆ. 1841ರ ಜನಗಣತಿಯಿಂದ ಮನೆ ಮನೆಯ ಹೆಸರುಗಳು ಸಿಗುತ್ತವೆ. ಅದಕ್ಕೂ ಹಿಂದೆ, 1538ರಿಂದ ಚರ್ಚುಗಳು ಮದುವೆ, ನಾಮಕರಣ, ಸಮಾಧಿಗಳನ್ನು ಬರೆದಿಡಬೇಕು ಅಂತ ಆಜ್ಞೆಯಾಯಿತು. ಯಾರ್ಕ್‌ಶೈರ್‌ನಲ್ಲಿ 1379ರ ತಲೆಗಂದಾಯದ ಪಟ್ಟಿಗಳೂ ಉಳಿದಿವೆ. ಆ ಪಟ್ಟಿಗಳಲ್ಲಿ ಕೆಲವರ ಹೆಸರಿನ ಪಕ್ಕ ಕಸುಬನ್ನೂ ಬರೆದಿದ್ದಾರೆ. ಸಾಮಾನ್ಯ ಜನರ ಕಂದಾಯ ನಾಲ್ಕು ಪೆನ್ನಿ. ಹೆಸರು ಇನ್ನೂ ಕಸುಬಾಗಿದ್ದು, ನಿಧಾನಕ್ಕೆ ಬರೀ ಹೆಸರಾಗುತ್ತಿದ್ದ ಕಾಲ ಅದು.

1379ರಿಂದ ಇವತ್ತಿನವರೆಗೆ ಒಂದು ಸಾಮಾನ್ಯ ಮನೆಯನ್ನು ಕೊಂಡಿ ತಪ್ಪದೆ ಜೋಡಿಸುವುದು ತುಂಬಾ ಕಷ್ಟ. ನಾನು ಆ ಕೆಲಸಕ್ಕೆ ಕೈ ಹಾಕಲಿಲ್ಲ. ಆದರೆ ಊರು, ನದಿ, ಕಸುಬು, ಸೀಮೆಯ ಮಾತು ನಾಲ್ಕೂ ಒಂದೇ ಕಡೆ ಬೆರಳು ಮಾಡಿದಾಗ, ಈ ಹೆಸರು ಬಟ್ಟೆ ತುಳಿಯುವ ಕೆಲಸದಿಂದ ಬಂದಿದೆ ಅಂತ ಧೈರ್ಯವಾಗಿ ಹೇಳಬಹುದು. ನಾನು ಅಜ್ಜನಿಗೆ ಹಾಗೇ ಹೇಳಿದೆ.

ಅಜ್ಜನ ಮುಂದಿನ ಪ್ರಶ್ನೆ ಇನ್ನೂ ಕಷ್ಟದ್ದು. 'ಹಂಗಾರ ಕನ್ನಡದಾಗ ಅವರಿಗೆ ಏನಂತಾರ?'

ಒಂದೇ ಪದ ಹೊಳೆಯಲಿಲ್ಲ. ಯೋಚಿಸಿದರೆ ಕಾರಣ ಸಿಗುತ್ತದೆ. ನಮ್ಮ ನಾಡಿನ ದಿನದ ಬಟ್ಟೆ ಹತ್ತಿಯದು. ಹತ್ತಿಯ ಎಳೆಗೆ ಆ ಪೊರೆಗಳಿಲ್ಲ. ಎಷ್ಟು ತುಳಿದರೂ ಅದು ಉಣ್ಣೆಯ ಹಾಗೆ ಒಂದಕ್ಕೊಂದು ಸಿಕ್ಕಿಕೊಳ್ಳುವುದಿಲ್ಲ. ನಮ್ಮ ಉಣ್ಣೆ ಅಂದರೆ ಕಂಬಳಿ. ಅದಕ್ಕೆ ಹುಣಸೆ ಬೀಜದ ಗಂಜಿ ಹಚ್ಚಿ ಗಟ್ಟಿ ಮಾಡುವುದು ರೂಢಿ. ಬೈಬಲ್‌ನ ಮಾರ್ಕನ ಸುವಾರ್ತೆಯಲ್ಲಿ ಏಸುವಿನ ಉಡುಪು ಹೊಳೆದ ಪ್ರಸಂಗವಿದೆ. 1611ರ ಇಂಗ್ಲಿಷ್ ಅನುವಾದದಲ್ಲಿ, ಲೋಕದ ಯಾವ ಫುಲ್ಲರ್‌ನಿಂದಲೂ ಅಷ್ಟು ಬೆಳ್ಳಗೆ ಮಾಡಲು ಆಗದು ಅಂತ ಬರುತ್ತದೆ. ಕನ್ನಡದಲ್ಲಿ ಆ ಜಾಗಕ್ಕೆ ಬಂದವನು ಅಗಸ. ಬೆಳ್ಳಗೆ ಮಾಡುವ ಮಾತು ಅಲ್ಲಿದ್ದುದರಿಂದ ಅದು ಸರಿಯಾದ ಆಯ್ಕೆ. ಆದರೆ ನಮ್ಮ ವಾಕರ್‌ಗೆ ಅದು ಪೂರ್ತಿ ಹೊಂದುವುದಿಲ್ಲ. ಅವನು ಕೊಳೆ ತೆಗೆಯುವುದಷ್ಟೇ ಅಲ್ಲ, ಬಟ್ಟೆಯನ್ನು ಬಟ್ಟೆಯಾಗಿ ಮಾಡುವವನು.

ಇದನ್ನೆಲ್ಲ ಅಜ್ಜ ಸುಮ್ಮನೆ ಕೇಳಿಸಿಕೊಂಡರು. ಆಮೇಲೆ ಕರೆಯೋಲೆಯ ಕರಡು ಎತ್ತಿಕೊಂಡು, ಹುಡುಗನ ಹೆಸರಿನ ಮೇಲೆ ಬೆರಳಿಟ್ಟು, ಹೂಗಾರ, ಬಳಿಗಾರ ಅಂತ ತಮ್ಮಷ್ಟಕ್ಕೆ ಅಂದುಕೊಂಡರು. 'ತುಳಿಗಾರ ಅನ್ನು' ಅಂದರು. 'ತುಳಿಗಾರರ ಮನಿ ಹುಡುಗ.'

ಅಚ್ಚಿಗೆ ಹೋದ ಕರೆಯೋಲೆಯಲ್ಲಿ ವಾಕರ್ ಅಂತಲೇ ಇದೆ. ಮನೆಯಲ್ಲಿ ಮಾತ್ರ ಎಲ್ಲರ ಬಾಯಲ್ಲೂ ಈಗ ಅವರು ತುಳಿಗಾರರು.